ಆಟದೊಳಗಣ ಆಟ

ಲೋಕವನ್ನೇ ನುಂಗಬಂದ ಖಳನೊಬ್ಬ ಕೋಟೆಯಲ್ಲಿ ಕುಳಿತಿದ್ದಾನೆ. ಅವನನ್ನು ನಿಗ್ರಹಿಸಬೇಕಾದ ನಾಯಕನಾದರೋ ಕೊಳದ ದಂಡೆಯಲ್ಲಿ ಗಾಳ ಹಾಕಿಕೊಂಡು ಮೀನಿಗಾಗಿ ಕಾದಿದ್ದಾನೆ. ಜಪಾನಿನ ನಿಂಟೆಂಡೊ ಸಂಸ್ಥೆ 1998ರಲ್ಲಿ ಹೊರತಂದ ‘ದಿ ಲೆಜೆಂಡ್ ಆಫ್ ಜೆಲ್ಡಾ: ಅಕರಿನಾ ಆಫ್ ಟೈಮ್’ ಎಂಬ ವಿಡಿಯೋ ಆಟದಲ್ಲಿ ಇಂಥದೊಂದು ಕೊಳವಿದೆ. ಇದು ಆ ಒಂದು ಆಟದ ವೈಚಿತ್ರ್ಯವಲ್ಲ. ದೊಡ್ಡ ಕಥೆಯನ್ನು ಹೊತ್ತು ಬರುವ ಆಟಗಳಲ್ಲೆಲ್ಲ ಬಗೆಬಗೆಯ ಚಿಕ್ಕ ಆಟಗಳು ಅಡಗಿರುತ್ತವೆ: ಮೀನು ಹಿಡಿಯುವುದು, ಇಸ್ಪೀಟು, ಸವಾರಿಯ ಪಂದ್ಯ, ತೋಟಗಾರಿಕೆ. ಮುಖ್ಯ ಕಥೆಯ ಬಿಗಿಯಿಂದ ಆಡುವವನಿಗೆ ತುಸು ಬಿಡುವು ದೊರೆಯಲಿ ಎಂದು ಇವನ್ನು ಇಟ್ಟಿರುತ್ತಾರೆ. ಸೋಜಿಗವಿರುವುದು ಇಲ್ಲಿಯೇ. ಬಿಡುವಿಗೆಂದು ಇಟ್ಟ ಆಟ ಎಷ್ಟೋ ವೇಳೆ ಯುದ್ಧಕ್ಕಿಂತ ಬಿಗಿಯಾಗಿರುತ್ತದೆ. ರಾಕ್ಷಸನನ್ನು ಒಂದು ಸಂಜೆಯಲ್ಲಿ ಕೊಂದ ವೀರ ಒಂದು ಮೀನಿನ ಹಿಂದೆ ವಾರವೆಲ್ಲ ಹೆಣಗುತ್ತಾನೆ. ಉಪಕಥೆ ಎನ್ನುವಂತೆ ಇವನ್ನು ‘ಉಪಕ್ರೀಡೆ’ ಎಂದು ಕರೆಯೋಣ. ಈ ಉಪಕ್ರೀಡೆಗಳು ಇಷ್ಟು ಕಟ್ಟುನಿಟ್ಟಾಗಿ ಇರುವುದೇಕೆ? ಹಾಗಿರುವುದು ಗುಣವೋ ದೋಷವೋ?

ಪಂಪ ರನ್ನರ ಪಾಠ ಹೇಳಿಕೊಂಡಿರುವವನಿಗೆ ಈ ಗೊಡವೆ ಏತಕ್ಕೆ ಎಂದು ವಾಚಕರು ಕೇಳಬಹುದು. ನನ್ನ ಉತ್ತರ ಸರಳವಾದುದು. ಕಥೆ, ಪಾತ್ರ, ಸನ್ನಿವೇಶ, ಸಂಗೀತ, ಚಿತ್ರ ಎಲ್ಲವನ್ನೂ ಒಂದುಗೂಡಿಸಿಕೊಂಡ ಕಲೆಯೊಂದು ನಮ್ಮ ವಿದ್ಯಾರ್ಥಿಗಳ ಕೈಯಲ್ಲಿದೆ. ಅದನ್ನು ಕುರಿತು ಕಾಲಹರಣ ಎಂಬ ಒಂದೇ ಮಾತನ್ನಾಡಿ ಮುಖ ತಿರುಗಿಸಿದರೆ ಆ ಕಲೆಗೇನೂ ನಷ್ಟವಿಲ್ಲ. ನಷ್ಟ ನಮ್ಮ ವಿಮರ್ಶೆಗೆ. ಅಲ್ಲದೆ ಈ ಪ್ರಶ್ನೆ ನಮಗೆ ಹೊಸದೂ ಅಲ್ಲ. ಅಂಗಿಯಾದುದು ಯಾವುದು, ಅಂಗವಾದುದು ಯಾವುದು, ಅಂಗ ಎಷ್ಟರಮಟ್ಟಿಗೆ ಬೆಳೆಯಬಹುದು ಎಂದು ನಮ್ಮ ಆಲಂಕಾರಿಕರು ಶತಮಾನಗಳ ಕಾಲ ಚರ್ಚಿಸಿದ್ದಾರೆ.

ದಂಡಿ ಮಹಾಕಾವ್ಯದ ಲಕ್ಷಣವನ್ನು ಹೇಳುವಾಗ ಪಟ್ಟಿಮಾಡಿದ ವರ್ಣನೆಗಳನ್ನು ನೆನೆಯಿರಿ. ನಗರ, ಸಮುದ್ರ, ಪರ್ವತ, ಋತು, ಉದ್ಯಾನ, ಜಲಕ್ರೀಡೆ, ಮಧುಪಾನ ಎಲ್ಲವೂ ಅಲ್ಲಿವೆ. ಮಂತ್ರಾಲೋಚನೆ, ದೂತಪ್ರೇಷಣ, ಪ್ರಯಾಣ, ಯುದ್ಧ ಇವುಗಳ ಜೊತೆಗೆ ಅವೂ ಬೇಕು. ಯುದ್ಧಕ್ಕೆ ಹೊರಟ ಕಾವ್ಯದಲ್ಲಿ ಜಲಕ್ರೀಡೆ ಏಕೆಂದು ಯಾರೂ ಕೇಳಲಿಲ್ಲ. ಅಷ್ಟೇ ಅಲ್ಲ, ಕವಿಯ ಕೈ ಎಷ್ಟು ಪಳಗಿದೆ ಎಂಬುದನ್ನು ರಸಿಕರು ಅಳೆದದ್ದು ಎಷ್ಟೋ ವೇಳೆ ಈ ವಿಹಾರದ ಪ್ರಕರಣಗಳಲ್ಲಿಯೇ. ಕಥೆ ತನ್ನ ಓಟದಿಂದಲೇ ಓದುಗನನ್ನು ಎಳೆದೊಯ್ಯುತ್ತದೆ. ಕಥೆ ನಿಂತ ಕಡೆ ಅವನನ್ನು ಹಿಡಿದಿಡಲು ಕವಿಗೆ ಶಕ್ತಿ ಬೇಕು. ವಿರಾಮದ ಸ್ಥಳದಲ್ಲಿಯೇ ಕಲೆಗೆ ಹೆಚ್ಚಿನ ಪರೀಕ್ಷೆ ಎಂಬುದು ಹಳೆಯ ಅನುಭವ.

ಆದರೆ ಎಚ್ಚರಿಕೆಯ ಮಾತೂ ಉಂಟು. ಮಮ್ಮಟ ರಸದೋಷಗಳನ್ನು ಎಣಿಸುವಾಗ ಎರಡನ್ನು ಹೆಸರಿಸುತ್ತಾನೆ. ಅಕಾಲದಲ್ಲಿ ರಸವನ್ನು ಹರಡುವುದು ಒಂದು, ಅಂಗವನ್ನು ಅತಿಯಾಗಿ ಬೆಳೆಸುವುದು ಮತ್ತೊಂದು. ಮೊದಲನೆಯದಕ್ಕೆ ಅವನು ಕೊಡುವ ನಿದರ್ಶನ ‘ವೇಣೀಸಂಹಾರ’ ನಾಟಕದ ಎರಡನೆಯ ಅಂಕ: ಯುದ್ಧದಲ್ಲಿ ವೀರರು ಸಾಯುತ್ತಿರುವಾಗ ದುರ್ಯೋಧನನಿಗೆ ಭಾನುಮತಿಯೊಡನೆ ಶೃಂಗಾರ. ಈ ಎರಡು ಅಳತೆಗೋಲುಗಳನ್ನು ಹಿಡಿದು ಕೆಲವು ಆಟಗಳನ್ನು ನೋಡೋಣ.

ಪೋಲೆಂಡಿನ ಲೇಖಕ ಸಪ್ಕೋವ್‌ಸ್ಕಿಯ ಕಥೆಗಳನ್ನು ಆಧರಿಸಿ ಅದೇ ದೇಶದ ಸಂಸ್ಥೆಯೊಂದು 2015ರಲ್ಲಿ ಹೊರತಂದ ‘ದಿ ವಿಚರ್ 3’ ಒಂದು ಮಹಾಕಾವ್ಯದಷ್ಟು ಹರಹುಳ್ಳ ಆಟ. ನಾಯಕ ಗೆರಾಲ್ಟ್ ತನ್ನ ಸಾಕುಮಗಳಂತಿರುವ ಸಿರಿ ಎಂಬವಳನ್ನು ಹುಡುಕಿಕೊಂಡು ಹೊರಟಿದ್ದಾನೆ. ಆಕೆಯ ಬೆನ್ನ ಹಿಂದೆ ಭಯಂಕರವಾದ ಬೇಟೆಯ ದಂಡು ಬಿದ್ದಿದೆ. ಇಂಥ ಹೊತ್ತಿನಲ್ಲಿ ನಾಯಕ ಛತ್ರಗಳಲ್ಲಿ ಕುಳಿತು ವರ್ತಕರೊಡನೆ, ಛತ್ರದ ಯಜಮಾನರೊಡನೆ ‘ಗ್ವೆಂಟ್’ ಎಂಬ ಎಲೆಯಾಟ ಆಡಬಹುದು. ಆಟ ನೋಡಲು ಹಗುರ, ಆಡಲು ಭಾರ. ಮೊದಲಿಗೆ ಹತ್ತು ಎಲೆಗಳು ಕೈಗೆ ಬರುತ್ತವೆ. ಆಮೇಲೆ ಹೊಸ ಎಲೆ ಬರುವುದು ಅಪರೂಪ. ಆ ಹತ್ತರಲ್ಲಿಯೇ ಮೂರು ಸುತ್ತುಗಳ ಸಂಸಾರ ತೂಗಿಸಬೇಕು. ಎರಡು ಸುತ್ತು ಗೆದ್ದವನದು ಜಯ. ಆದುದರಿಂದ ಇಲ್ಲಿನ ದೊಡ್ಡ ವಿದ್ಯೆ ಯಾವಾಗ ಕೈಚೆಲ್ಲಬೇಕು ಎಂಬುದು. ಎದುರಾಳಿಯ ಎಲೆಗಳನ್ನು ಖರ್ಚುಮಾಡಿಸಿ, ಒಂದು ಸುತ್ತನ್ನು ಬೇಕೆಂದೇ ಬಿಟ್ಟುಕೊಟ್ಟು, ಉಳಿದೆರಡನ್ನು ಗೆಲ್ಲಬೇಕು. ಎಲ್ಲ ಸುತ್ತನ್ನೂ ಗೆಲ್ಲುತ್ತೇನೆಂದು ಹೊರಟ ಹಟಮಾರಿ ಇಲ್ಲಿ ಸೋಲುತ್ತಾನೆ. ಈ ಎಲೆಯಾಟ ಜನರಿಗೆ ಎಷ್ಟು ಹಿಡಿಸಿತೆಂದರೆ 2018ರಲ್ಲಿ ಅದು ಸ್ವತಂತ್ರವಾದ ಒಂದು ಆಟವಾಗಿಯೇ ಹೊರಬಂದಿತು. ಅಂಗ ಅಂಗಿಯ ಮನೆ ಬಿಟ್ಟು ಬೇರೆ ಸಂಸಾರ ಹೂಡಿತು.

ಮಗಳು ಅಪಾಯದಲ್ಲಿರುವಾಗ ಎಲೆಯಾಟವೇ? ಇದು ಮಮ್ಮಟ ಹೇಳಿದ ಅಕಾಲಪ್ರಸಂಗವಲ್ಲವೇ? ಹೌದು. ಆದರೆ ಒಂದು ಭೇದವುಂಟು. ದುರ್ಯೋಧನನನ್ನು ಅಂತಃಪುರಕ್ಕೆ ಕಳುಹಿಸಿದವನು ನಾಟಕಕಾರ. ನೋಡುವವನು ಅವನನ್ನು ತಡೆಯಲಾರ. ಗೆರಾಲ್ಟನನ್ನು ಎಲೆಯಾಟಕ್ಕೆ ಕೂರಿಸಿದವನಾದರೋ ಆಡುವವನೇ. ಎದ್ದು ಹೊರಡುವ ಸ್ವಾತಂತ್ರ್ಯ ಪ್ರತಿಕ್ಷಣವೂ ಅವನಿಗಿದೆ. ಔಚಿತ್ಯದ ಹೊಣೆಯಲ್ಲಿ ಅರ್ಧ ಸಹೃದಯನ ಹೆಗಲಿಗೆ ಬಿದ್ದಿದೆ ಎಂದಾಯಿತು. ಕಾವ್ಯ ನಾಟಕಗಳಲ್ಲಿ ಹೀಗೆ ಇಲ್ಲದ್ದರಿಂದ ನಮ್ಮ ಶಾಸ್ತ್ರವನ್ನು ಇಲ್ಲಿಗೆ ತರುವಾಗ ಸ್ವಲ್ಪ ಸಡಿಲಿಸಿಕೊಂಡೇ ತರಬೇಕು.

ಈಗ ಕಷ್ಟದ ಪ್ರಶ್ನೆ. ಎರಿಕ್ ಬರೋನ್ ಎಂಬ ಅಮೆರಿಕದ ತರುಣ ಬರಹ, ಚಿತ್ರ, ಸಂಗೀತ ಎಲ್ಲವನ್ನೂ ತಾನೊಬ್ಬನೇ ಮಾಡಿ, ನಾಲ್ಕು ವರ್ಷಕ್ಕೂ ಮಿಕ್ಕು ದುಡಿದು, 2016ರಲ್ಲಿ ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ಆಟವನ್ನು ಹೊರತಂದ. ಕಚೇರಿಯ ಚಾಕರಿಯಿಂದ ಬೇಸತ್ತ ನಾಯಕ ಅಜ್ಜ ಬಿಟ್ಟುಹೋದ ಹೊಲಕ್ಕೆ ಬಂದು ಬೇಸಾಯಕ್ಕೆ ನಿಲ್ಲುತ್ತಾನೆ. ಶಾಂತವಾದ ಆಟವೆಂದು ಇದಕ್ಕೆ ಹೆಸರು. ಈ ಶಾಂತ ಆಟದಲ್ಲಿ ಮೀನು ಹಿಡಿಯಲು ಹೋದವರ ಪಾಡು ಕೇಳಬೇಕು! ಉದ್ದನೆಯ ಅಂಕಣವೊಂದರಲ್ಲಿ ಮೀನಿನ ಗುರುತು ಮೇಲಕ್ಕೂ ಕೆಳಕ್ಕೂ ಜಿಗಿಯುತ್ತಿರುತ್ತದೆ. ಒತ್ತಿ ಹಿಡಿದರೆ ಏರುವ, ಬಿಟ್ಟರೆ ಇಳಿಯುವ ಹಸಿರು ಪಟ್ಟಿಯೊಂದನ್ನು ಆ ಗುರುತಿನ ಮೇಲೆಯೇ ನಿಲ್ಲಿಸಿಕೊಂಡಿರಬೇಕು. ಹೊಸಬನ ಕೈಯಲ್ಲಿ ಪಟ್ಟಿ ಒಂದು ಕಡೆ, ಮೀನು ಒಂದು ಕಡೆ. ಬೆರಳು ಪಳಗುವವರೆಗೆ ಬರಿಗೈ.

ಆದರೆ ನಾಲ್ಕಾರು ದಿನ ಕಳೆದ ಮೇಲೆ ಆಡುವವನಿಗೆ ಒಂದು ವಿಷಯ ಗೋಚರವಾಗುತ್ತದೆ. ಒಂದೊಂದು ಜಾತಿಯ ಮೀನಿಗೂ ಒಂದೊಂದು ಸ್ವಭಾವವಿದೆ. ಒಂದು ಮೆಲ್ಲಗೆ ಸುಳಿಯುತ್ತದೆ. ಒಂದು ತಳ ಹಿಡಿಯುತ್ತದೆ. ಇನ್ನೊಂದು ಹುಚ್ಚೆದ್ದಂತೆ ನೆಗೆಯುತ್ತದೆ. ಮೀನಿನ ಹೆಸರನ್ನು ನೋಡುವ ಮೊದಲೇ ಬೆರಳಿಗೆ ಅದರ ಗುರುತು ಹತ್ತುತ್ತದೆ. ನಮ್ಮ ಆಲಂಕಾರಿಕರು ಸ್ವಭಾವೋಕ್ತಿ ಎಂದು ಹೇಳುವುದು ಇದನ್ನೇ ಅಲ್ಲವೇ? ಕವಿ ಮಾತಿನಿಂದ ಮಾಡುವ ವರ್ಣನೆಯನ್ನು ಆಟ ತಡೆಯಿಂದ ಮಾಡುತ್ತದೆ. ಇಲ್ಲಿ ಕಷ್ಟವೇ ವರ್ಣನೆ. ಗುಂಡಿ ಒತ್ತಿದ ಕೂಡಲೆ ಮೀನು ಬುಟ್ಟಿಗೆ ಬಿದ್ದರೆ ಆ ಕೊಳ ನಾಟಕದ ಹಿಂಬದಿಯ ಪರದೆಯಂತೆ ಬರಿಯ ಬಣ್ಣ. ಕೈಗೆ ಎದುರಾಗಿ ನಿಂತಾಗಲೇ ಅದು ನೀರಾಗುತ್ತದೆ. ವಿಶ್ರಾಂತಿಗೆಂದು ಇಟ್ಟ ಆಟ ಏಕೆ ಕಠಿನವಾಗಿರಬೇಕು ಎಂಬುದಕ್ಕೆ ಇದೇ ಉತ್ತರವೆಂದು ನಾನು ಎಣಿಸುತ್ತೇನೆ. ಎದುರು ನಿಲ್ಲದ ವಸ್ತುವಿನಲ್ಲಿ ಮನಸ್ಸು ನೆಲೆಗೊಳ್ಳುವುದಿಲ್ಲ. ಮನಸ್ಸು ನೆಲೆಗೊಳ್ಳದೆ ವಿಶ್ರಾಂತಿಯೂ ಇಲ್ಲ.

ಹಾಗಾದರೆ ಎಲ್ಲ ಕಷ್ಟವೂ ಒಳ್ಳೆಯದೆ? ಅಲ್ಲ. 2001ರ ‘ಫೈನಲ್ ಫ್ಯಾಂಟಸಿ 10’ ಎಂಬ ಜಪಾನಿನ ಆಟದಲ್ಲಿ ಸದಾ ಸಿಡಿಲೆರಗುವ ಒಂದು ಬಯಲಿದೆ. ಬೆಳಕು ಮಿಂಚಿದ ಕ್ಷಣದಲ್ಲಿಯೇ ಗುಂಡಿ ಒತ್ತಿದರೆ ಸಿಡಿಲು ತಪ್ಪುತ್ತದೆ. ಐದು ಸಲ, ಹತ್ತು ಸಲ ಇದು ಸೊಗಸಾಗಿದೆ. ಆ ಬಯಲಿನ ಭಯ ಮೈಗೆ ತಾಗುತ್ತದೆ. ಆದರೆ ಲುಲು ಎಂಬ ಮಾಂತ್ರಿಕಳ ಆಯುಧಕ್ಕೆ ಪೂರ್ಣಶಕ್ತಿ ಬರಬೇಕಾದರೆ ಒಂದರ ಮೇಲೊಂದರಂತೆ 200 ಸಿಡಿಲುಗಳನ್ನು ತಪ್ಪಿಸಿಕೊಳ್ಳಬೇಕು. ನೂರತೊಂಬತ್ತರಲ್ಲಿ ಎಡವಿದರೂ ಲೆಕ್ಕ ಮತ್ತೆ ಸೊನ್ನೆಯಿಂದ. ಹತ್ತನೆಯ ಸಿಡಿಲು ಹೇಳದಿದ್ದುದನ್ನು ಇನ್ನೂರನೆಯದು ಹೇಳುವುದಿಲ್ಲ. ಇದು ವರ್ಣನೆಯಲ್ಲ, ಎಣಿಕೆ. ಮಮ್ಮಟನ ಎರಡನೆಯ ದೋಷಕ್ಕೆ, ಅಂಗದ ಅತಿವಿಸ್ತಾರಕ್ಕೆ, ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯದು. ಆಡುವವರು ಏನು ಮಾಡಿದರು ನೋಡಿ: ಸಿಡಿಲು ತಪ್ಪದೆ ಬೀಳುವ ಒಂದು ಜಾಗವನ್ನು ಕಂಡುಹಿಡಿದು, ಅಲ್ಲಿಯೇ ಹಿಂದುಮುಂದು ಓಡಾಡಿ ಲೆಕ್ಕ ತೀರಿಸಿಕೊಂಡರು. ಮನುಷ್ಯ ಹೀಗೆ ಒಳದಾರಿ ಹುಡುಕುವುದು ಕೂಲಿಯ ಕೆಲಸದಲ್ಲಿ, ಪ್ರೀತಿಯ ಕೆಲಸದಲ್ಲಲ್ಲ.

ಇದೇ ಮಾಲಿಕೆಯ ಹಿಂದಿನ ಆಟ, 2000ದಲ್ಲಿ ಬಂದದ್ದು, ಇನ್ನೂ ದೊಡ್ಡ ಸಂಖ್ಯೆಯನ್ನು ಕೇಳುತ್ತದೆ. ಅಲ್ಲಿ ವಿವಿ ಎಂಬ ಪುಟ್ಟ ಮಂತ್ರವಾದಿ ಊರಿನ ಮಕ್ಕಳೊಡನೆ ಹಗ್ಗದಾಟ ಆಡಬಹುದು. ತಪ್ಪದೆ ಸಾವಿರ ಸಲ ಜಿಗಿದರೆ ‘ಹಗ್ಗದಾಟದ ರಾಜ’ ಎಂಬ ಬಿರುದು. ಅದರಿಂದ ಶತ್ರುವನ್ನು ಗೆಲ್ಲಲಾಗದು. ಅದಿಲ್ಲದೆಯೂ ಕಥೆ ಮುಗಿಯುತ್ತದೆ. ಸಂಖ್ಯೆಯಲ್ಲಿ ಐದು ಪಾಲು ದೊಡ್ಡದಾದ ಈ ಪರೀಕ್ಷೆ ನನಗೆ ಆ ಸಿಡಿಲಿನಷ್ಟು ಅಸಹ್ಯವೆನಿಸುವುದಿಲ್ಲ. ಮಕ್ಕಳು ನಿಜವಾಗಿಯೂ ಹೀಗೆಯೇ ಆಡುತ್ತಾರೆ. ಸಾವಿರದ ಲೆಕ್ಕ ಹಾಕುವುದು ಬಾಲ್ಯದ ಸಹಜವಾದ ಹಮ್ಮು. ಅಲ್ಲಿ ಸಂಖ್ಯೆಯೂ ವರ್ಣನೆಯೇ. ಬೇಕಾದವನು ಜಿಗಿಯುತ್ತಾನೆ, ಬೇಡವಾದವನು ಮುಂದೆ ಹೋಗುತ್ತಾನೆ. ಸಿಡಿಲಿನ ಬಯಲಿನಲ್ಲಾದರೋ ಆಟವನ್ನು ಸುಂಕದ ಕಟ್ಟೆಯಾಗಿ ಮಾಡಿದ್ದಾರೆ. ತೆತ್ತರೆ ಆಯುಧ, ಇಲ್ಲದಿದ್ದರೆ ಇಲ್ಲ.

ನಮ್ಮ ಶಿಡ್ಲಘಟ್ಟದ ಕಡೆಗೆ ಬರೋಣ. ಇದು ರೇಷ್ಮೆಯ ಊರು. ಹುಳುವಿನ ಮನೆಯಲ್ಲಿ ಬೆಳೆದ ಹುಡುಗರು ನಮ್ಮ ತರಗತಿಗಳಲ್ಲಿದ್ದಾರೆ. ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದು, ಹೊತ್ತುಹೊತ್ತಿಗೆ ಹುಳುವಿಗೆ ಹಾಕಿ, ನಾಲ್ಕು ಜ್ವರಗಳನ್ನು ದಾಟಿಸಿ, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ಮಾರುಕಟ್ಟೆಗೆ ಒಯ್ಯುವವರೆಗೆ ಮನೆಯಲ್ಲಿ ಯಾರಿಗೂ ನಿದ್ರೆಯಿಲ್ಲ. ಅಂಥ ಮನೆಯ ವಿದ್ಯಾರ್ಥಿಯೊಬ್ಬ ಬಿಡುವಿನಲ್ಲಿ ಫೋನಿನ ಮೇಲೆ ಈ ‘ಸ್ಟಾರ್‌ಡ್ಯೂ ವ್ಯಾಲಿ’ಯ ಹೊಲದಲ್ಲಿ ಬದನೆಯ ಬೆಳೆ ತೆಗೆಯುತ್ತಿದ್ದುದನ್ನು ಕಂಡು, “ಏನಪ್ಪ, ಮನೆಯಲ್ಲಿ ಮಾಡುವ ಕೆಲಸ ಸಾಲದೆ?” ಎಂದು ಕೇಳಿದೆ. ಅವನು ತಲೆಯೆತ್ತಿ, “ಸಾರ್, ಇಲ್ಲಿ ರೇಟು ಬೀಳಲ್ಲ” ಎಂದ.

ವಿಮರ್ಶಕನ ಒಂದು ಪುಟದ ಕೆಲಸವನ್ನು ಅವನು ಒಂದು ಮಾತಿನಲ್ಲಿ ಮುಗಿಸಿದ. ಆ ಆಟದ ಬೇಸಾಯ ಸುಲಭವಲ್ಲ. ಬೆಳಗ್ಗೆ ಆರಕ್ಕೆ ಎದ್ದ ನಾಯಕನ ದಿನ ನಮ್ಮ ಸುಮಾರು ಕಾಲುಗಂಟೆಯಲ್ಲಿ ಮುಗಿದುಹೋಗುತ್ತದೆ. ಅಷ್ಟರಲ್ಲಿ ನೀರು ಹಾಯಿಸಬೇಕು, ದನಕರು ನೋಡಬೇಕು. ದೇಹದ ಶಕ್ತಿ ಕುಗ್ಗುತ್ತಿರುತ್ತದೆ. 28 ದಿನಗಳಿಗೆ ಋತು ಬದಲಾಗುತ್ತದೆ. ಹೊಸ ಋತುವಿಗೆ ಒಗ್ಗದ ಬೆಳೆ ಒಣಗುತ್ತದೆ. ಮೂರನೆಯ ವರ್ಷದ ಮೊದಲಲ್ಲಿ ಅಜ್ಜನ ಆತ್ಮವೇ ಬಂದು ಮೊಮ್ಮಗನ ದುಡಿಮೆಗೆ ಬೆಲೆ ಕಟ್ಟುತ್ತದೆ. ಆದರೆ ಬದನೆಯ ಬೆಲೆ ಇಂದು ಇದ್ದಷ್ಟೇ ನಾಳೆಯೂ. ಬೇಸಾಯವನ್ನು ಬಲ್ಲವನ ಕಣ್ಣಿಗೆ ಇದು ಅಪೂರ್ಣವಾದ ಚಿತ್ರ. ಮೀನಿನ ಸ್ವಭಾವವನ್ನು ಅಷ್ಟು ಚೆನ್ನಾಗಿ ಕಂಡ ಕರ್ತೃ ಮಾರುಕಟ್ಟೆಯ ಸ್ವಭಾವವನ್ನು ಬಿಟ್ಟುಬಿಟ್ಟ. ಆದರೆ ಆ ಹುಡುಗನಿಗೆ ವಿಶ್ರಾಂತಿ ದೊರೆತದ್ದು ಆ ಬಿಟ್ಟ ಜಾಗದಲ್ಲಿಯೇ. ಅವನನ್ನು ಬಳಲಿಸಿದ್ದು ದುಡಿಮೆಯಲ್ಲ. ದುಡಿಮೆಗೆ ತಕ್ಕ ಫಲ ಬಂದೀತೆಂಬ ಭರವಸೆ ಇಲ್ಲದಿರುವುದು. ಆದುದರಿಂದ ದಣಿದವನು ಸುಲಭವಾದುದನ್ನು ಹುಡುಕುತ್ತಾನೆ ಎಂಬ ನಮ್ಮ ಎಣಿಕೆ ಪೂರ್ತಿ ಸರಿಯಲ್ಲ. ಅವನು ಹುಡುಕುವುದು ನ್ಯಾಯವಾದ ಕಷ್ಟವನ್ನು.

ನಮ್ಮ ಹಿರಿಯರ ಬಿಡುವನ್ನು ನೋಡಿದರೂ ಇದೇ ಕಾಣುತ್ತದೆ. ಮಧ್ಯಾಹ್ನದ ಊಟವಾದ ಮೇಲೆ ಜಗಲಿಯ ಮೇಲೆ ಅಳಿಗುಳಿಮಣೆ ಹಾಕಿಕೊಂಡು ಕುಳಿತ ಹೆಂಗಸರು ಹುಣಿಸೆಬೀಜವನ್ನು ಗುಳಿಗುಳಿಗೆ ಬಿತ್ತುತ್ತ, ಕೈ ಎಲ್ಲಿ ಬರಿದಾಗುತ್ತದೆಂಬುದನ್ನು ಮೊದಲೇ ಮನಸ್ಸಿನಲ್ಲಿ ಎಣಿಸಿಡುತ್ತಿದ್ದರು. ಹುಲಿ-ಕುರಿಯ ಆಟದಲ್ಲಿ ಮೂರು ಹುಲಿಗಳನ್ನು ಹದಿನೈದು ಕುರಿಗಳಿಂದ ಕಟ್ಟಿಹಾಕಬೇಕಾದರೆ ಸೇನಾಪತಿಯ ಬುದ್ಧಿ ಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರ ವಿಷಯ ಇನ್ನೂ ಅರ್ಥವತ್ತಾದುದು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಅವರ ಕೈಯಿಂದ ತೆಗೆದುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೂ ಅದು ಹಿಂದಿರುಗಲಿಲ್ಲ. ಆ ಬಲವಂತದ ಬಿಡುವಿನಲ್ಲಿ ಅವರು ಒಲಿದದ್ದು ಎಂಥ ಆಟಗಳಿಗೆ? 300ಕ್ಕೂ ಮಿಕ್ಕ ಎಲೆಗಳ ಗಂಜೀಫಕ್ಕೆ. ಚದುರಂಗದ ಕುದುರೆಯನ್ನು 64 ಮನೆಗಳಿಗೂ ಒಂದೊಂದೇ ಸಲ ನಡೆಸುವ ಬಂಧಗಳಿಗೆ. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ‘ಕೌತುಕನಿಧಿ’ ಆಟಗಳಿಗೇ ಮೀಸಲು. ರಾಜ್ಯ ಕೈಬಿಟ್ಟ ದೊರೆ ನಿಯಮ ಕೈಬಿಡದ ಮಣೆಯ ಕಡೆಗೆ ತಿರುಗಿದ್ದರಲ್ಲಿ ಆಶ್ಚರ್ಯವಿಲ್ಲ. ನಮ್ಮ ವಿದ್ಯಾರ್ಥಿಯ ಮಾತಿಗೂ ಅರಮನೆಯ ಈ ಮಣೆಗೂ ದೂರದ ನಂಟಿದೆ ಎಂದು ನನಗೆ ತೋರುತ್ತದೆ.

ಇಲ್ಲಿ ಒಂದು ಗೆರೆಯನ್ನು ಎಳೆಯಲೇಬೇಕು. ಡಚ್ ಪಂಡಿತ ಹೈಜಿಂಗ 1938ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಆಟದ ಮೊದಲ ಲಕ್ಷಣ ಸ್ವಾತಂತ್ರ್ಯವೆಂದು ವಾದಿಸಿದ. ಸೋತರೂ ಮನೆ ಮುಳುಗದು ಎಂಬ ಧೈರ್ಯ ಆ ಸ್ವಾತಂತ್ರ್ಯದ ಒಂದು ಭಾಗ. ಪಣ ಬಂದ ಕೂಡಲೆ ಅದು ಹೋಗುತ್ತದೆ. ಭಾರತದ ದ್ಯೂತಸಭೆಗಿಂತ ದೊಡ್ಡ ಸಾಕ್ಷಿ ಬೇಕೆ? ಅದೇ ಭಾರತ ನಳನ ಕಥೆಯಲ್ಲಿ ಅಕ್ಷಹೃದಯವನ್ನು ಒಂದು ವಿದ್ಯೆಯೆಂದು ಗೌರವಿಸುತ್ತದೆ ಎಂಬುದೂ ನೆನಪಿರಲಿ. ದೂಷ್ಯವಾದುದು ದಾಳವಲ್ಲ, ಪಣ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯಿದೆಯನ್ನು ತಿದ್ದಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ಅಂಥ ಆಟಗಳನ್ನು ನಿಷೇಧಿಸುವ ಶಾಸನವನ್ನು ಮಾಡಿತು. ಕಾನೂನು ತನ್ನ ಕೆಲಸ ಮಾಡಲಿ. ಕಾನೂನಿಗೆ ಸಿಕ್ಕದ ಇನ್ನೊಂದು ಬಗೆಯುಂಟು; ವಿಮರ್ಶೆ ಹಿಡಿಯಬೇಕಾದುದು ಅದನ್ನು.

ಫೋನಿನ ಎಷ್ಟೋ ಆಟಗಳಲ್ಲಿ ಕಷ್ಟವೆಂಬುದೇ ಇಲ್ಲ. ಮುಟ್ಟಿದರೆ ಬೆಳೆ, ಮುಟ್ಟಿದರೆ ಬಹುಮಾನ. ಆದರೆ ದಿನವೂ ತಪ್ಪದೆ ಬಂದು ಮುಟ್ಟಬೇಕು. ಒಂದು ದಿನ ತಪ್ಪಿದರೆ ಕೂಡಿಟ್ಟ ಸರಣಿ ಮುರಿಯಿತು. ಕಾಯಲಾರೆನೆಂದರೆ ದುಡ್ಡು ಕೊಡು. ಇವು ಆಡುವವನಿಂದ ನೈಪುಣ್ಯವನ್ನು ಕೇಳುವುದಿಲ್ಲ, ಹಾಜರಿಯನ್ನು ಕೇಳುತ್ತವೆ. ನೋಡಲು ಅತಿ ಹಗುರವಾದ ಈ ಆಟಗಳೇ ವಾಸ್ತವವಾಗಿ ಅತಿ ಹೆಚ್ಚು ಕೇಳುವಂಥವು. ಗ್ವೆಂಟ್ ಆಡಿದವನು ಸೋಲನ್ನು ಲೆಕ್ಕಹಾಕಲು ಕಲಿತ. ಗಾಳ ಹಾಕಿದವನ ಬೆರಳು ಸೂಕ್ಷ್ಮವಾಯಿತು. ಹಾಜರಿ ಹಾಕಿದವನು ಹಾಜರಿ ಹಾಕುವುದನ್ನಷ್ಟೇ ಕಲಿತ. ಮಕ್ಕಳು ಆಟದಲ್ಲಿ ಒದ್ದಾಡುವುದನ್ನು ಕಂಡು ಸಿಟ್ಟಾಗುವ ತಾಯಿತಂದೆಗಳು, ಉಪಾಧ್ಯಾಯರು, ಅವರು ಒದ್ದಾಡದೆ ಸುಮ್ಮನೆ ಬೆರಳಾಡಿಸುವುದನ್ನು ಕಂಡರೆ ಇನ್ನೂ ಹೆಚ್ಚು ಚಿಂತಿಸಬೇಕು.

ಉಪಕ್ರೀಡೆಯನ್ನು ಅಳೆಯಲು ಮೂರು ಪ್ರಶ್ನೆಗಳು ಸಾಕೆಂದು ನನ್ನ ಅಭಿಪ್ರಾಯ. ಅದರ ಕಷ್ಟ ಏನನ್ನಾದರೂ ವರ್ಣಿಸುತ್ತದೆಯೆ? ಬೇಡವೆನಿಸಿದಾಗ ಎದ್ದು ಹೋಗಲು ಬಾಗಿಲು ತೆರೆದಿದೆಯೆ? ಸೋತವನ ಕೈಯಿಂದ ಆಟದ ಹೊರಗಿನದೇನನ್ನಾದರೂ ಕಿತ್ತುಕೊಳ್ಳುತ್ತದೆಯೆ? ಮೊದಲೆರಡಕ್ಕೆ ಹೌದು, ಕೊನೆಯದಕ್ಕೆ ಇಲ್ಲ ಎಂಬ ಉತ್ತರ ಬಂದರೆ, ಆ ಆಟ ಎಷ್ಟು ಬಿಗಿಯಾಗಿದ್ದರೂ ಬಿಡುವಿಗೆ ಯೋಗ್ಯವಾದುದೇ.

ಜಪಾನಿನ ‘ಯಾಕುಜಾ’ ಮಾಲಿಕೆಯವರು ತಮ್ಮ ನಾಡಿನ ಷೋಗಿ, ಮಾಜೋಂಗ್‌ಗಳನ್ನು ತಮ್ಮ ಕಥೆಯೊಳಗೆ ಹಾಗೆಯೇ ಇಟ್ಟಿದ್ದಾರೆ. ಬಲ್ಲವನಿಗೆ ಮಾತ್ರ ಅವು ಒಲಿಯುತ್ತವೆ. ನಮ್ಮ ತರುಣರಲ್ಲಿ ಯಾರಾದರೂ ಕನ್ನಡ ನಾಡಿನ ಕಥೆಯೊಂದನ್ನು ಇಂಥ ಆಟವಾಗಿ ಕಟ್ಟುವ ಸಾಹಸ ಮಾಡಿದರೆ ಅವರಲ್ಲಿ ನನ್ನದೊಂದು ವಿನಂತಿ. ನಾಯಕ ದಣಿದು ಬಂದ ಹಳ್ಳಿಯಲ್ಲಿ ಒಂದು ಜಗಲಿ ಇರಲಿ. ಜಗಲಿಯ ಮೇಲೆ ಅಳಿಗುಳಿಮಣೆ, ಮಣೆಯ ಮುಂದೆ ಒಬ್ಬ ಅಜ್ಜಿ. ಮೊದಲ ಸಲ ಕೂತವನನ್ನು ಆ ಅಜ್ಜಿ ಸರಿಯಾಗಿ ಸೋಲಿಸಲಿ. ಕನಿಕರಪಟ್ಟು ಆಕೆ ಸೋತುಕೊಟ್ಟರೆ ಜಗಲಿ ಬರಿಯ ಚಿತ್ರವಾಗಿ ಉಳಿಯುತ್ತದೆ, ಅಜ್ಜಿಯೂ ಉಳಿಯುವುದಿಲ್ಲ.